ನವೆಂಬರ್ ಹತ್ತೊಂಬತ್ತು, ಎಂಟೂ ಇಪ್ಪತ್ತು

ಹವಾಮಾನದ ಪುಟ ತೆರೆಯಿತು, ಪತ್ರಿಕೆ ತೆರೆಯಿತು, ಕುಂಬಳಕಾಯಿ ಕಡುಬು ಮಾಡುವ ವಿಧಾನವೂ ತೆರೆಯಿತು. ಆಸ್ಪತ್ರೆಯ ಪುಟ ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಕ್ರೂಮ್ ಕೈಗಡಿಯಾರ ನೋಡಿಕೊಂಡ. ಹನ್ನೊಂದೂ ಇಪ್ಪತ್ತು. ತ್ಸೋಂಕಾ ಅಜ್ಜಿಯ ಹೃದಯದ ಕವಾಟ ಬದಲಿಸಲು ದಿನ ನಿಗದಿಯಾಗಿದೆ, ವೆಬ್‌ಸೈಟಿನಲ್ಲಿ ನೋಡಿ ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ ಎಂದು ಬೆಳಿಗ್ಗೆ ಸಂದೇಶ ಬಂದಿತ್ತು. ಎರಡು ವರ್ಷ ಕಾದ ಸರದಿ. ಆಸ್ಪತ್ರೆಯಲ್ಲಿ ಫೋನ್ ಎತ್ತುವವರಿಲ್ಲ. ಅಜ್ಜಿಯ ಡಿಜಿಟಲ್ ಸಹಿ ಇದ್ದದ್ದು ಈ ಹಳೇ ಕಂಪ್ಯೂಟರಿನಲ್ಲಿ ಮಾತ್ರ, ಹಾಗಾಗಿ ಕ್ರೂಮ್‌ನ ಮೊಬೈಲಿನಿಂದಲೂ ಕೆಲಸ ಆಗುವಂತಿರಲಿಲ್ಲ.

ಕಂಪ್ಯೂಟರ್ ಅಜ್ಜಿಯ ಗಂಡ ಮಿಂಚೋನದು. ಅವನು ಸತ್ತು ನಾಲ್ಕು ವರ್ಷವಾಗಿತ್ತು. ಸೆವ್ಲಿಯೆವೊ ಊರಿನಲ್ಲಿ ಸಾವಾದ ಎಲ್ಲ ಮನೆಗಳಂತೆ ಇಲ್ಲಿಯೂ ಸತ್ತವರನ್ನು ನೆನೆಯಲು ವರ್ಷಕ್ಕೊಮ್ಮೆ ಹೊಸದಾಗಿ ಅಚ್ಚು ಹಾಕಿಸಿದ ಸಾವಿನ ಹಾಳೆ, ಫೋಟೋ ಸಮೇತ, ಬಾಗಿಲ ನಟ್ಟನಡುವೆ ನಾಲ್ಕು ಪಿನ್ನಿನಲ್ಲಿ ನಿಂತಿತ್ತು. ಬರುವಾಗ ಕ್ರೂಮ್ ಆ ಮುದುಕನ ಮೂಗಿನ ಮೇಲೇ ಬಾಗಿಲು ಬಡಿಯಬೇಕಾಗಿ ಬಂದಿತ್ತು.

"ಏನೋ ಮಗಾ, ಅರ್ಧ ಗಂಟೆಯಿಂದ ಅದರ ಬೆನ್ನು ಕೆರೀತಾ ಇದೀಯ, ಇನ್ನೂ ಮುನಿಸು ಇಳೀಲಿಲ್ವಾ?" ಅಜ್ಜಿ ಅಂಜೂರದ ಪಾಕದ ತಟ್ಟೆ ತಂದಿಟ್ಟು, ಆ ಹತ್ತು ಹೆಜ್ಜೆಗೇ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕುಸಿದಳು.

ಕ್ರೂಮ್ ಹಳೆಯ ಕಡತಗಳನ್ನೆಲ್ಲ ಅಳಿಸಿದ್ದ, ಬೇರೆ ಬ್ರೌಸರ್ ಹಾಕಿದ್ದ, ರೂಟರ್ ಆರಿಸಿ ಹೊತ್ತಿಸಿದ್ದ. ಗಿರಾಕಿಗಳಿಗೆಲ್ಲ "ತೆರೆಯ ಮೇಲೆ ಏನು ಬರೆದಿದೆ ಅಂತ ಮೊದಲು ಓದ್ರೀ" ಎಂದು ರೇಗುವ ಆಸಾಮಿ, ಆ ಕೆಲಸವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದ. ಈಗ ಓದಿದ. ನಿಮ್ಮ ಗಡಿಯಾರ ಮುಂದಿದೆ ಎಂದು ಸಣ್ಣಕ್ಷರದಲ್ಲಿತ್ತು. ಮೂಲೆಗೆ ಕಣ್ಣು ಹಾಯಿಸಿದರೆ ನವೆಂಬರ್ 19, 8:20. ಅಂದು ಅಕ್ಟೋಬರ್ ಏಳು.

"ಸಿಕ್ತು ಅಜ್ಜಿ! ಒಂದೊಂದು ವೆಬ್‌ಸೈಟಿಗೂ ಇಂಥ ದಿನದವರೆಗೆ ಅಂತ ಪರವಾನಗಿ ಇರುತ್ತೆ. ಆಸ್ಪತ್ರೆಯದು ನವೆಂಬರ್ ಎರಡಕ್ಕೆ ಮುಗಿಯುತ್ತೆ. ನಿಮ್ಮ ಕಂಪ್ಯೂಟರ್ ಆಗಲೇ ಹತ್ತೊಂಬತ್ತಕ್ಕೆ ಹೋಗಿ ಕೂತಿದೆ. ಅವಧಿ ಮುಗಿದಿದೆ ಅಂತ ಒಳಗೆ ಬಿಡ್ತಿಲ್ಲ, ಅಷ್ಟೆ."

ದಿನಾಂಕ ಸರಿಪಡಿಸಿದ. ಕೈ ತೆಗೆದದ್ದೇ ತಡ, ಮತ್ತೆ ನವೆಂಬರ್ 19, 8:20. ಇನ್ನೊಮ್ಮೆ ಸರಿಪಡಿಸಿದ. ಮತ್ತೆ ಅದೇ. ಪೆಟ್ಟಿಗೆ ಬಿಚ್ಚಿ, ಗಡಿಯಾರ ನಡೆಸುವ ಅಂಗಿ ಗುಂಡಿಯಷ್ಟು ಪುಟ್ಟ ಬ್ಯಾಟರಿ ಬದಲಿಸಿದ. ಹೊಸ ಬ್ಯಾಟರಿಯೂ ಅದನ್ನೇ ಹೇಳಿತು. ಬರೀ ಮುಂದೆ ಹೋದ ಗಡಿಯಾರವಾಗಿದ್ದರೆ ನಡೆಯುತ್ತಲಾದರೂ ಇರಬೇಕಿತ್ತು. ಇದು ನಡೆಯುತ್ತಿರಲಿಲ್ಲ.

"ಇದು ನಿಂತೇ ಬಿಟ್ಟಿದೆಯಲ್ಲ..." ಎಂದು ಗೊಣಗಿಕೊಂಡ.

"ನಿಂತಿದೆಯಾ?" ಅಜ್ಜಿಯ ದನಿ ಬದಲಾಯಿತು. ಅವಳು ಗೋಡೆ ಗಡಿಯಾರದತ್ತ ನೋಡಿದಳು. ಅದು ಮೂರೂ ಐದಕ್ಕೆ ನಿಂತಿತ್ತು. ಮಿಂಚೋನ ಉಸಿರು ಹೋದ ಗಳಿಗೆಯಲ್ಲಿ, ಸಾವಾದ ಮನೆಯಲ್ಲಿ ಮಾಡುವಂತೆ, ಅವಳೇ ಲೋಲಕ ಹಿಡಿದು ನಿಲ್ಲಿಸಿದ್ದಳು. ಮತ್ತೆ ನಡೆಸಲು ಅವಳಿಗೆ ಮನಸ್ಸು ಬಂದಿರಲಿಲ್ಲ. "ಅವನು ತಮಾಷೆ ಮಾಡ್ತಿದ್ದ. ನಂದು ನೀನು ನಿಲ್ಸು, ನಿಂದು ನಾನು ನಿಲ್ಲಿಸ್ತೀನಿ ಅಂತ. ಮೊದ್ಲೇ ಮಣ್ಣಿಗೆ ಹೋದೋನು ಹೇಗೆ ನಿಲ್ಲಿಸ್ತೀಯೋ ಅಂತ ನಾನು ಬಯ್ತಿದ್ದೆ."

"ಹಳೇ ಮಷೀನು ಅಜ್ಜಿ. ಒಳಗೆ ಏನೋ ಸುಟ್ಟಿದೆ, ಅಷ್ಟೆ."

ಅಜ್ಜಿ ಮೇಜು ಹಿಡಿದುಕೊಂಡು ಎದ್ದು ಬಂದಳು. ಕಂಪ್ಯೂಟರಿನ ನೆತ್ತಿಯ ಮೇಲೆ ಅಂಗೈ ಇಟ್ಟಳು. "ಮಿಂಚೋ, ಕೈ ತೆಗಿ. ನಾನು ನೋಡ್ಬೇಕು."

ಮೂಲೆಯಲ್ಲಿ ಅಕ್ಟೋಬರ್ 7, 11:54 ಎಂದು ಬಂತು. ನೋಡುತ್ತಿದ್ದಂತೆ 11:55 ಆಯಿತು. ಕ್ರೂಮ್ ಏನನ್ನೂ ಮುಟ್ಟಿರಲಿಲ್ಲ. ಆಸ್ಪತ್ರೆಯ ಪುಟ ಒಂದೇ ಸಲಕ್ಕೆ ತೆರೆಯಿತು, ಸಹಿಯನ್ನೂ ಒಪ್ಪಿಕೊಂಡಿತು. ತ್ಸೋಂಕಾಳ ಹೆಸರಿನ ಕೆಳಗೆ ಒಂದೇ ಸಾಲು. ಶಸ್ತ್ರಚಿಕಿತ್ಸೆ ನವೆಂಬರ್ 19, ಬೆಳಿಗ್ಗೆ 8:20. ಅದರ ಕೆಳಗೆ ಎರಡು ಗುಂಡಿ. ಒಪ್ಪಿಗೆ, ಬೇಡ.

ಕ್ರೂಮ್‌ಗೆ ನಿಜವಾಗಿಯೂ ಭಯವಾಯಿತು.

"ಬೇಡ ಅಂದ್ರೆ ಏನಾಗುತ್ತೆ?" ಅಜ್ಜಿ ಕೇಳಿದಳು.

"ಮತ್ತೆ ಪಟ್ಟಿಯ ಕೊನೆಗೆ. ಇನ್ನೆರಡು ವರ್ಷ."

"ಈ ಎದೆ ಬೇಸಿಗೆ ಕಾಣೋದೇ ಅನುಮಾನ ಅಂದಿದ್ದಾರೆ ಡಾಕ್ಟ್ರು. ಒಳಗೆ ಏನೋ ಸುಟ್ಟಿದೆ ಅಂದ್ಯಲ್ಲ, ಅಷ್ಟೇ ತಾನೇ? ಮತ್ತೇನು ನೋಡ್ತೀಯ, ಒತ್ತು."

ಹದಿನಾಲ್ಕು ವರ್ಷದಿಂದ ಇದೇ ಕಸುಬು ಮಾಡುತ್ತಿದ್ದ ಬೆರಳು ಕೆಳಗಿಳಿಯಲಿಲ್ಲ. 11:58 ಆಯಿತು. "ಅಜ್ಜಿ, ನಿಮ್ಮ ಮಗಳನ್ನ ಒಂದು ಮಾತು..." ಎಂದು ತೊದಲಿದ.

ಅಜ್ಜಿ ತನ್ನ ತಣ್ಣಗಿನ ಕೈಯನ್ನು ಅವನ ಕೈ ಮೇಲಿಟ್ಟು, ಅವನ ಬೆರಳಿನಿಂದಲೇ ಒಪ್ಪಿಗೆ ಒತ್ತಿದಳು.

"ಹೋಗ್ಬೇಡ ಅಂತ ತಡೀತಿದ್ನೋ, ಬಾ ಅಂತ ಕರೀತಿದ್ನೋ ಗೊತ್ತಾಗ್ಲಿಲ್ಲ. ಎದುರಿಗೆ ಸಿಕ್ರೆ ಅವನನ್ನೇ ಕೇಳ್ತೀನಿ. ಸಿಗ್ಲಿಲ್ಲ ಅಂದ್ರೆ ಕ್ರಿಸ್‌ಮಸ್‌ಗೆ ಬಾ, ಮಿಕ್ಕಿದ ಅಂಜೂರ ತಿಂದು ಮುಗ್ಸು."

ಕ್ರೂಮ್ ಕೂಲಿಯನ್ನೂ ಕೇಳದೆ ಚೀಲ ಎತ್ತಿಕೊಂಡ. ಹೊರಗೆ ಬಂದು ಬಾಗಿಲು ಎಳೆದುಕೊಂಡವನು ಅಲ್ಲೇ ನಿಂತುಬಿಟ್ಟ. ಬರುವಾಗ ನಟ್ಟನಡುವೆ ಇದ್ದ ಮಿಂಚೋ ಎಡಕ್ಕೆ ಸರಿದುಕೊಂಡಿದ್ದ. ಬಲಗಡೆ ಇನ್ನೊಂದು ಹಾಳೆಗೆ ಸರಿಹೋಗುವಷ್ಟು ಜಾಗ ಬಿಟ್ಟು, ಅದರ ನಾಲ್ಕು ಮೂಲೆಗೆ ನಾಲ್ಕು ಹೊಸ ಪಿನ್ನು ಚುಚ್ಚಿಟ್ಟಿತ್ತು.