ಹೆಸರು ಹೇಳು

ಬಾಗಿಲು ಬಡಿದ ಸದ್ದು ಕೇಳಿದ ಕೂಡಲೇ ಬೋಧಕಿ ಮುಖಭಾವ ಬದಲಿಸಿಕೊಂಡಳು. ಈಗ ಅವಳು ತಾಯಿ. ಮಗ ಅಪಘಾತದಲ್ಲಿ ಸತ್ತಿದ್ದಾನೆ, ಅವಳಿಗಿನ್ನೂ ಗೊತ್ತಿಲ್ಲ. ಬೆಳಗಿನಿಂದ ಇದು ಎಂಟನೆಯ ಸಲ.

ಪೊಲೀಸ್ ತರಬೇತಿ ಶಾಲೆಯ ಈ ಕೋಣೆಗೆ ಹುಡುಗರು ಇಟ್ಟ ಹೆಸರು ‘ಅಳುವ ಮನೆ’. ಸಾವಿನ ಸುದ್ದಿ ಮುಟ್ಟಿಸುವ ಪಾಠ ಮೊದಲು ಅರ್ಧ ಗಂಟೆಯ ಭಾಷಣವಾಗಿತ್ತು; ತೂಕಡಿಸುತ್ತ ಬರೆದುಕೊಂಡು, ಪರೀಕ್ಷೆಯ ಮರುದಿನ ಮರೆಯುತ್ತಿದ್ದರು. ಮೇಲಿನವರ ಜೊತೆ ಜಗಳಾಡಿ ಅವಳು ಅದನ್ನು ಕಿತ್ತುಹಾಕಿಸಿದ್ದಳು. ಈಗ ಒಂದು ಹಳೆಯ ಸೋಫಾ, ಒಂದು ಬಾಗಿಲು, ಎದುರಿಗೆ ತಾಯಿ. ಹುಡುಗರ ಕೈಗೆ ಒಂದು ಚೀಟಿ: ಸತ್ತವನ ಹೆಸರು, ಜಾಗ, ಹೊತ್ತು. ತಪ್ಪಿದರೆ ಅಲ್ಲೇ ನಿಲ್ಲಿಸಿ ತಿದ್ದುವುದು, ಮತ್ತೆ ಹೇಳಿಸುವುದು. ಪರೀಕ್ಷೆ ಮುಗಿಯುವವರೆಗೆ ಎಲ್ಲರ ಫೋನೂ ಆಫೀಸಿನ ಡ್ರಾಯರಿನಲ್ಲಿ, ಅವಳದೂ ಸೇರಿ.

ಒಳಗೆ ಬಂದವನನ್ನು ಕಂಡು ಅವಳಿಗೆ ನಗು ಬಂತು. ಕಳೆದ ವರ್ಷದ ‘ಮೌನಿ’! ‘ಸತ್ತ’ ಎಂಬ ಮಾತು ಬಾಯಿಂದ ಹೊರಡದೆ ಇದೊಂದರಲ್ಲಿ ಮೂರು ಸಲ ಫೇಲಾಗಿ, ಮತ್ತೆ ಬಂದು ಪಾಸು ಮಾಡುವ ಷರತ್ತಿನ ಮೇಲೆ ಠಾಣೆ ಸೇರಿದವನು. ಪ್ಯಾಂಟಿನ ಎರಡೂ ಮಂಡಿಗೆ ಮಣ್ಣು ಮೆತ್ತಿತ್ತು. ಪರವಾಗಿಲ್ಲ, ವೇಷ ಕಟ್ಟಿಕೊಂಡೇ ಬಂದಿದ್ದಾನೆ.

“ಮೇಡಂ...”

“ಇಲ್ಲಿ ಯಾವ ಮೇಡಮ್ಮೂ ಇಲ್ಲ. ನಾನು ತಾಯಿ.”

ಅವನು ಟೋಪಿ ತೆಗೆದ. “ಹೌದಮ್ಮಾ. ಕೂತ್ಕೊಳ್ಳಿ.”

ಅವಳು ಕೂತಳು. ಅವನೂ ಪಕ್ಕದಲ್ಲೇ ಕೂತ. ಸರಿಯಾಗಿದೆ; ನಿಂತುಕೊಂಡು ಹೇಳುವ ಸುದ್ದಿಯಲ್ಲ ಇದು.

“ಬೆಳಿಗ್ಗೆ ಒಂಬತ್ತಕ್ಕೆ ಹೆದ್ದಾರಿ ತಿರುವಲ್ಲಿ ಒಂದು ಲಾರಿ... ನಿಮ್ಮ ಮಗಳು... ಸ್ವಲ್ಪ ಸೀರಿಯಸ್ಸು...”

ಅದೇ ಹಳೆಯ ಚಾಳಿ. ಸಾಲದ್ದಕ್ಕೆ ಮಗನನ್ನು ಮಗಳು ಮಾಡಿದ್ದಾನೆ. ಚೀಟಿಯನ್ನೂ ಸರಿಯಾಗಿ ಓದಿಲ್ಲ.

“ನಿಲ್ಸು. ಸೀರಿಯಸ್ ಅಂದ್ರೆ ಆ ತಾಯಿ ಆಸೆ ಇಟ್ಕೊಂಡು ಆಸ್ಪತ್ರೆವರೆಗೂ ಓಡ್ತಾಳೆ. ಅದು ಮೋಸ ಕಣೋ. ಇದ್ದದ್ದನ್ನ ಇದ್ದ ಹಾಗೆ ಹೇಳು.”

“ನನ್ ಕೈಲಿ ಆಗ್ತಿಲ್ಲ.”

“ಆಗುತ್ತೆ. ಉಸಿರು ತಗೋ. ಮತ್ತೆ ಹೇಳು.”

ಅವನು ಟೋಪಿಯನ್ನು ಪಕ್ಕಕ್ಕಿಟ್ಟು ಅವಳ ಕಡೆ ತಿರುಗಿದ.

“ನಿಮ್ಮ ಮಗಳು ಸತ್ತು ಹೋದ್ಲು ಅಮ್ಮಾ. ನಾನು ಹೋದಾಗ ಇನ್ನೂ ಉಸಿರಿತ್ತು. ರಸ್ತೇಲೇ ಕೂತು ಕೈ ಹಿಡ್ಕೊಂಡಿದ್ದೆ. ಅವಳು ಒಬ್ಬಳೇ ಹೋಗ್ಲಿಲ್ಲ.”

ಆ ಕೊನೆಯ ಮಾತು ಯಾವ ಪಾಠದಲ್ಲೂ ಇರಲಿಲ್ಲ. ಬೋಧಕಿಯ ಕಣ್ಣು ತುಂಬಿತು, ಹೆಮ್ಮೆಗೆ. ಕೊನೆಗೂ ಕಲಿತನಲ್ಲ!

“ಭೇಷ್,” ಎಂದು ಅವನ ಭುಜ ತಟ್ಟಿದಳು. “ಒಂದೇ ತಪ್ಪು. ನೀನು ಹೆಸರು ಹೇಳ್ಲಿಲ್ಲ. ಹೆಸರು ಕಿವಿಗೆ ಬೀಳೋವರೆಗೂ ಯಾವ ತಾಯೀನೂ ನಂಬಲ್ಲ. ಬೇರೆ ಯಾರ ಮಗುನೋ ಇರಬೇಕು ಅಂತಾನೇ ಅಂದ್ಕೊಂಡಿರ್ತಾಳೆ. ಹೇಳು.”

ಅವನು ಅವಳ ಎರಡೂ ಕೈ ಹಿಡಿದುಕೊಂಡು ಹೆಸರು ಹೇಳಿದ. ಚೀಟಿಯಲ್ಲಿದ್ದ ಹೆಸರಲ್ಲ, ಹತ್ತೊಂಬತ್ತು ವರ್ಷದ ಹಿಂದೆ ಅವಳೇ ತನ್ನ ಮಗಳಿಗೆ ಇಟ್ಟ ಹೆಸರು.