ಪರಿವರ್ತನೆ ಅಂದ್ರೆ ಏನು?

"ನಮ್ಮ ಹೊಲ ಕೊಡಲ್ಲ!" ಮಧುರೆ ಗ್ರಾಮದ ರೈತರ ಸಭೆಯಲ್ಲಿ ಲಕ್ಕಮ್ಮ ಕರಪತ್ರವನ್ನು ಮೇಜಿನ ಮೇಲೆ ಕುಕ್ಕಿದರು.

ಅದನ್ನು ಬರೆದಿದ್ದ ಪ್ರಮೋದಾ ಗಾಬರಿಯಾದಳು. "ಹೊಲ ಯಾರು ಕೇಳಿದ್ರಮ್ಮ? ಇದು ಸೋಲಾರ್ ಪಂಪಿನ ವಿಷಯ."

"ಮತ್ತೆ 'ಇಂಧನ ಪರಿವರ್ತನೆ' ಅಂತ ದಪ್ಪಕ್ಷರದಲ್ಲಿ ಬರ್ದಿದ್ದೀಯಲ್ಲ! ನಮ್ಮ ಕಡೆ ಪರಿವರ್ತನೆ ಅಂದ್ರೆ ಹೊಲ ಹೋಗಿ ಸೈಟ್ ಆಗೋದು ಕಣವ್ವ."

ಸಭೆ ಗೊಳ್ಳೆಂದಿತು. ಅಧಿಕಾರಿಗಳೆಲ್ಲ ಮೆಚ್ಚಿದ್ದ ತಲೆಬರಹವನ್ನು ಪ್ರಮೋದಾ ನಗುತ್ತಲೇ ಹೊಡೆದುಹಾಕಿದಳು. "ನೀವೇ ಹೇಳಿ, ಏನಂತ ಬರೀಲಿ? ಈ ಪಂಪಿದ್ರೆ ಹಗಲಲ್ಲೇ ನೀರು ಕಟ್ಬೋದು."

"ಹಗಲಲ್ಲೇನಾ?" ರಾತ್ರಿಯೆಲ್ಲ ಕರೆಂಟಿಗೆ ಕಾದು ನೀರು ಕಟ್ಟಿ, ಈಗ ಪಕ್ಕದಲ್ಲೇ ತೂಕಡಿಸುತ್ತಿದ್ದ ಗಂಡನನ್ನು ಲಕ್ಕಮ್ಮ ತಿವಿದರು. ಅಪ್ಪಯ್ಯಣ್ಣ ಬೆಚ್ಚಿಬಿದ್ದು ಎದ್ದುನಿಂತರು. "ಕರೆಂಟ್ ಬಂತಾ?"

"ಬರ್ಕೊಳವ್ವ," ಅಂದರು ಲಕ್ಕಮ್ಮ. "ಇನ್ಮೇಲೆ ರಾತ್ರಿ ನಿದ್ದೆ ಮಾಡಿ."