ಆಮೆಗೆ ತೋಡಿದ ಗುಂಡಿ

ಆಗ ನನಗೆ ಎಂಟು ವರ್ಷ. ಈ ಮಾತಿಗೆ ಅರವತ್ತು ವರ್ಷವಾಯಿತು. ಈಗಲೂ ರೇಷ್ಮೆಹುಳದ ಕಸದ ಬಿಸಿ ವಾಸನೆ ಮೂಗಿಗೆ ಬಡಿದರೆ ಆ ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ.

ಜಂಗಮಕೋಟೆಯ ನಮ್ಮ ಹಿತ್ತಲಲ್ಲಿ ನಾನೊಂದು ಆಮೆಮರಿ ಸಾಕಿದ್ದೆ. ಮಾಗಿಯ ಚಳಿಗೆ ಅದು ಅಲುಗಾಡದೆ ಕಲ್ಲಿನಂತೆ ತಣ್ಣಗಾಯಿತು. ಅಣ್ಣ ನುಗ್ಗೆಮರದ ಬುಡದಲ್ಲಿ ಗುಂಡಿ ತೋಡಿದ.

"ಸತ್ತೋಗೈತೆ ಕಣೇ, ಕೊಡು ಹೂಳಣ."

ನಾನು ಕೊಡಲಿಲ್ಲ. ರೇಷ್ಮೆಹುಳ ಸಾಕುತ್ತಿದ್ದ ಬೆಚ್ಚಗಿನ ಹುಳದ ಮನೆಗೆ ಅದನ್ನು ಹೊತ್ತು ಓಡಿದೆ. ಹುಳಕ್ಕೆ ರೋಗ ತಗಲೀತೆಂದು, ಕಾಲು ತೊಳೆಯದೆ ಬಂದರೆ ಅಪ್ಪನನ್ನೂ ಒಳಗೆ ಬಿಡದ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಒಳಕ್ಕೆ ತಂದ್ರೆ ಕಾಲು ಮುರೀತೀನಿ. ಇತ್ತ ಕೊಡು."

ಹುಳ ತಿಂದುಳಿದ ಸೊಪ್ಪು, ಹಿಕ್ಕೆ ಹೊರಗೆ ತಿಪ್ಪೆಯಾಗಿ ಬಿದ್ದಿತ್ತು. ಅಜ್ಜಿ ಅದರೊಳಗೆ ಕೈಹಾಕಿದಾಗ ಹಬೆ ಎದ್ದಿತು. ಆಮೆಯನ್ನು ಅಲ್ಲೇ ಹುದುಗಿಸಿಟ್ಟಳು. ನಾನು ಕದಲದೆ ಕೂತೆ.

ಹೊತ್ತು ಇಳಿಯುವಾಗ ಕಸ ಅಲುಗಿತು. ಮೊದಲು ಒಂದು ಕಾಲು, ಆಮೇಲೆ ಕತ್ತು. ಸತ್ತದ್ದು ಕಣ್ಣು ಬಿಟ್ಟು ನನ್ನನ್ನೇ ನೋಡಿತು.

"ಚಳಿಗೆ ಮಲಗಿದ್ದನ್ನ ಹೂಳ್ತಿದ್ಯಲ್ಲೋ," ಎಂದು ಅಜ್ಜಿ ಅಣ್ಣನ ತಲೆಗೆ ಮೊಟಕಿದಳು.

ಮರುದಿನ ಬೆಳಿಗ್ಗೆ, ಅಣ್ಣ ತೋಡಿದ್ದ ಗುಂಡಿಗೇ ಬಿಸಿ ಕಸ ತುಂಬಿಸಿ, ಆಮೆಯನ್ನು ಅದರೊಳಗೆ ಬೆಚ್ಚಗೆ ಮಲಗಿಸಿದೆ.